ಮಾವನವರ ಕಣ್ಣು ತೆರೆಸಿದ ಅಳಿಯ

ಮಾವನವರು ನಿವೃತ್ತ ಹೆಡ್‌ಮಾಸ್ಟರು, ಯಾರಿಗೂ ಜಗ್ಗದ ಆಸಾಮಿ. ಆದರೆ ಕ್ಯಾಮೆರಾ ಕಂಡರೆ ಸಾಕು, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮದುವೆಯ ಫೋಟೋದಲ್ಲೂ ನಿದ್ದೆಯೇ. (“ಎಚ್ಚರ ಇದ್ದಿದ್ರೆ ಈ ಮದುವೆ ಎಲ್ಲಾಗ್ತಿತ್ತು?” ಎಂದು ಅತ್ತೆಯವರ ಎದುರಿಗೇ ಹೇಳುತ್ತಾರೆ. ಅಂಥ ಧೈರ್ಯ!)

ಮದುವೆಯಾಗಿ ಐವತ್ತು ವರ್ಷ ತುಂಬುವ ಭಾನುವಾರಕ್ಕೆ ಅತ್ತೆ ಕೇಳಿದ್ದು ಒಂದೇ: “ಇವರು ಕಣ್ಣು ಬಿಟ್ಟಿರೋ ಒಂದು ಫೋಟೋ ಗೋಡೆಗೆ ಬೇಕು.”

“ಅಷ್ಟೇನಾ ಅತ್ತೆ? ನನಗೆ ಬಿಡಿ!” ಎಂದ ಕಿರಿಯ ಅಳಿಯ. ಗಡಿಯಾರ ರಿಪೇರಿ ಅವನ ಕಸುಬು. ದೊಡ್ಡ ಕ್ಯಾಮೆರಾ ಇಟ್ಟುಕೊಂಡಿದ್ದ ಷಡ್ಡಕ ಪಕ್ಕದಲ್ಲೇ ನಿಂತು ಕಿಸಕ್ಕನೆ ನಕ್ಕಿದ್ದರಿಂದ ಇದು ಮಾನದ ಪ್ರಶ್ನೆಯಾಯಿತು.

ಹೆಂಡತಿಯ ಫೋನು ತನ್ನದಕ್ಕಿಂತ ಚೆನ್ನಾಗಿದೆಯೆಂದು ಅದನ್ನೇ ಇಸಿದುಕೊಂಡ. ಫೋಟೋದ ಸೈಜು ಅತಿ ದೊಡ್ಡದು, ಫ್ಲ್ಯಾಶ್ ಬಂದ್, ಒಂದು ಸಲ ಒತ್ತಿದರೆ ಮೂವತ್ತು ಫೋಟೋ. ಹನ್ನೆರಡನೇ ಫೋಟೋಗೇ ಫೋನು ‘ಜಾಗವಿಲ್ಲ’ ಎಂದು ಕೈಯೆತ್ತಿತು. ಹಿಂದುಮುಂದು ನೋಡದೆ ಭಾರಿ ವಿಡಿಯೋ ಒಂದನ್ನು ಅಳಿಸಿ ಮತ್ತೆ ಒತ್ತಿದ. ಮೂವತ್ತರಲ್ಲೂ ಮಾವನವರು ಯೋಗನಿದ್ರೆಯಲ್ಲಿದ್ದರು.

ಆಗ ಹೊಳೆಯಿತು ಮಹಾ ಉಪಾಯ. ಕಣ್ಣು ಇಲ್ಲದಿದ್ದರೇನು, ಕಡ ತಂದರಾಯಿತು! ತನ್ನ ಕಣ್ಣನ್ನೇ ಮಾವನಿಗೆ ಅಂಟಿಸೋಣವೆಂದು ಕಿಟಕಿಯ ಬೆಳಕಿಗೆ ಕೂತು, ಫೋನನ್ನು ಮುಖಕ್ಕೆ ಹಿಡಿದ.

“ರೀ, ಫೋನ್ ಕೊಡಿ,” ಒಳಗಿಂದ ಹೆಂಡತಿ ಕೂಗಿದಳು. “ನಾನು ಹಾಡಿದ ವಿಡಿಯೋ ಗೆಳತಿಗೆ ಕಳಿಸ್ಬೇಕು!”

ಅಳಿಸಿದ್ದು ಯಾವ ವಿಡಿಯೋ ಎಂದು ಅಳಿಯನಿಗೆ ಹೊಳೆದದ್ದೂ ಬೆರಳು ಒತ್ತಿದ್ದೂ ಒಂದೇ ಗಳಿಗೆ. ಕಣ್ಣು ಮಾತ್ರ ಇಷ್ಟಗಲ ತೆರೆದಿತ್ತು.

“ಅದು... ಫೋನೇ ನುಂಗಿಬಿಡ್ತು ಕಣೇ,” ಎಂದ, ಎದುರಿಗೆ ಬಂದು ನಿಂತ ಹೆಂಡತಿಗೆ, ಅದೇ ಕಣ್ಣು ಬಿಟ್ಟುಕೊಂಡು.

ಆ ಕಣ್ಣನ್ನೇ ಮಾವನವರ ಮುಖಕ್ಕೆ ಕೂರಿಸಿ, ಬೆಳಕು ಏರಿಸಿ, ಸುಕ್ಕು ಇಳಿಸಿ, ಕಿಟಕಿಯಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದ.

ಭಾನುವಾರ ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ಷಡ್ಡಕ ಇಂಗು ತಿಂದ ಮಂಗನಂತಾದ. ಅಳಿಯನಿಗೆ ಸ್ವರ್ಗ ಮೂರೇ ಗೇಣು.

ಅತ್ತೆ ಕನ್ನಡಕ ಏರಿಸಿ ಹತ್ತಿರ ಬಂದರು. “ಐವತ್ತು ವರ್ಷದಲ್ಲಿ ಇವರು ನನ್ನ ಕಂಡು ಒಂದು ದಿನಾನೂ ಹೀಗೆ ಹೆದರಿಲ್ಲ. ಯಾರ ಕಣ್ಣಪ್ಪಾ ಇದು?”

ಕೈ ಒರೆಸಿಕೊಳ್ಳುತ್ತ ಬಂದ ಕಿರಿಮಗಳಿಗೆ ಒಂದೇ ನೋಟ ಸಾಕಾಯಿತು. “ಅಮ್ಮಾ, ನನಗೆ ಗೊತ್ತು! ‘ಫೋನೇ ನುಂಗ್ತು’ ಅಂದಾಗ ಇದ್ದದ್ದು ಇದೇ ಕಣ್ಣು. ರೀ, ನನ್ನ ವಿಡಿಯೋ ಅಳಿಸಿದ್ದು ನೀವೇ ತಾನೇ?”

ನೆಂಟರು ಗೋಡೆಯನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

“ಅತ್ತೆ, ಇಳಿಸಿಬಿಡ್ತೀನಿ...”

“ಮುಟ್ಟಿದ್ರೆ ನೋಡಿ! ಗಂಡ ಅಂದ್ರೆ ಹೆಂಡ್ತೀನ ಹೀಗೆ ನೋಡ್ಬೇಕು. ಅಲ್ಲೇ ಇರ್ಲಿ.”

“ಹಾಗಾದ್ರೆ ನನಗೂ ಒಂದು ಪ್ರಿಂಟ್ ಹಾಕಿಸಮ್ಮ,” ಎಂದಳು ಮಗಳು.

“ನಿನಗ್ಯಾಕೇ?” ಎಂದರು ಅತ್ತೆ. “ನಿನ್ನ ಹತ್ರ ಅಸಲಿಯೇ ಇದೆಯಲ್ಲ!”