ಗಟ್ಟಿ ಬಿಲ್ಲೆ, ಖಾಲಿ ಬಾಟ್ಲಿ

ಎಲ್ಲಾ ಗೋಳಿಗೂ ಮೂಲ ಒಂದು ಚಿಟಿಕೆ ಮೆಗ್ನೀಷಿಯಾ. ಅದಿದ್ದ ಪಾರ್ಸೆಲ್ಲು ಸುರಪುರಕ್ಕೆ ಬರುವುದು ಬಿಟ್ಟು ಗುರುಮಠಕಲ್ಲಿಗೆ ಹೋಗಿ ಕುಳಿತಿತ್ತು.

ಕಾಲೇಜಿನ ಅತಿಥಿ ಉಪನ್ಯಾಸಕ ಸಾಯಿಕುಮಾರ ಆರು ವರ್ಷದಿಂದ ಅಲ್ಯೂಮಿನಾ ಎಂಬ ಬಿಳಿ ಖನಿಜದ ಪುಡಿಯನ್ನು ಒತ್ತಿ, ಕುಲುಮೆಯಲ್ಲಿ ಸುಟ್ಟು, ರೂಪಾಯಿಯಗಲದ ಬಿಲ್ಲೆ ಮಾಡುತ್ತಿದ್ದ. ಹಾಳಾದ್ದು ಗಟ್ಟಿಯಾಗುತ್ತಲೇ ಇರಲಿಲ್ಲ. ಬೆಂಕಿಯಲ್ಲಿ ಕಣಗಳು ಅವಸರಪಟ್ಟು ದಪ್ಪಗಾಗಿ ಗಾಳಿಗುಳ್ಳೆಗಳನ್ನು ಒಳಗೇ ಸಿಕ್ಕಿಸಿಕೊಳ್ಳುತ್ತಿದ್ದವು. ಮೇಲೆ ಒಂದು ಹನಿ ಶಾಯಿ ಬಿಟ್ಟರೆ ಬಿಲ್ಲೆ ಚಹಾಕ್ಕೆ ಅದ್ದಿದ ಖಾರಿ ಬಿಸ್ಕತ್ತಿನಂತೆ ಹೀರಿಕೊಳ್ಳುತ್ತಿತ್ತು. ಚಿಟಿಕೆ ಮೆಗ್ನೀಷಿಯಾ ಬೆರೆಸಿದರೆ ಕಣಗಳು ತಾಳ್ಮೆ ಕಲಿತು ಗಾಳಿಯನ್ನು ಹೊರಗೆ ಬಿಡುತ್ತವೆ. ನಾಳೆ ಪರೀಕ್ಷಕರ ಮುಂದೆ ಶಾಯಿ ಇಂಗದೆ ನಿಂತರೆ ಡಾಕ್ಟರೇಟು, ಖಾಯಂ ನೌಕರಿಯ ಆಸೆ. ಇಂಗಿದರೆ ಮತ್ತೊಂದು ವರ್ಷ ಅತಿಥಿ.

ಆಗ ಅವನಿಗೆ ಹೊಳೆಯಿತು: ಮಲಬದ್ಧತೆಗೆ ಕುಡಿಯುವ ಬಿಳಿ ಔಷಧ ಸುಟ್ಟರೆ ಉಳಿಯುವುದೂ ಮೆಗ್ನೀಷಿಯಾವೇ!

ಮೆಡಿಕಲ್ ಅಂಗಡಿಯ ಮುಬೀನಾ ಅವನ ಹಳೆಯ ವಿದ್ಯಾರ್ಥಿನಿ. ಅಂಗಡಿ ತುಂಬ ಜನರಿದ್ದಾಗಲೇ ಭಕ್ತಿಯಿಂದ ವಿಚಾರಿಸಿದಳು.

"ಎಷ್ಟ್ ದಿನಾ ಆತ್ರಿ ಸರ್, ಹೊಟ್ಟಿ ಕಟ್ಟಿ?"

"ನನಗಲ್ಲವ್ವಾ, ನನ್ನ ಬಿಲ್ಲೆಗೆ!"

"ಎಲ್ಲಾರೂ ಹಿಂಗೇ ಏನರ ಹೇಳ್ತಾರ್ರಿ. ಇದೊಂದೇ ಸಣ್ಣ ಬಾಟ್ಲಿ ಉಳದದ, ಒಯ್ರಿ."

ಸುದ್ದಿ ಅವನಿಗಿಂತ ಮೊದಲೇ ಓಣಿ ಮುಟ್ಟಿತ್ತು. ಮನೆಯ ಮಾಲಕಿ ಭೀಮವ್ವ ಹರಳೆಣ್ಣೆ ಹಿಡಿದು ಕಟ್ಟೆಯ ಮೇಲೆ ನಿಂತಿದ್ದಳು.

"ಯವ್ವಾ, ಇದು ಕಲ್ಲು ಗಟ್ಟಿ ಆಗಾಕ ತಂದೀನಿ."

"ಸಡ್ಲ ಮಾಡೋ ಔಷಧದಿಂದ ಗಟ್ಟಿ ಆಗ್ತದೇನೋ? ಓದಿ ಓದಿ ತಲಿ ಕೆಟ್ಟದ ನಿಂದು. ಬಾಯಿ ತಗಿ!"

ಆರು ವರ್ಷ ಅವಳ ರೊಟ್ಟಿ ತಿಂದವನು ಬೇಡವೆನ್ನುವುದು ಹೇಗೆ? ಬಾಯಿ ತೆಗೆದ. ಹರಳೆಣ್ಣೆ ನುಂಗಿ, ಬಿಲ್ಲೆಗೆಂದು ಒಂದು ಚಮಚ ಔಷಧವನ್ನು ಬಟ್ಟಲಿಗೆ ಬಗ್ಗಿಸಿಕೊಂಡು, ಬಾಟ್ಲಿಯನ್ನು ಕಿಟಕಿಯಲ್ಲಿಟ್ಟು ಲ್ಯಾಬಿಗೆ ಓಡಿದ. ಪುಡಿ ತೂಗಿ, ಔಷಧ ಬೆರೆಸಿ ಪಾಯಖಾನೆಗೆ ಓಡಿದ. ಬಿಲ್ಲೆ ಒತ್ತಿ ಮತ್ತೆ ಓಡಿದ.

ಕುಲುಮೆ ಕೆಂಪೇರುವ ಹೊತ್ತಿಗೆ ಕರೆಂಟು ಕೈಕೊಡತೊಡಗಿತು. ಪಕ್ಕದ ಹಿಟ್ಟಿನ ಗಿರಣಿಯವನು, ಹೆಸರಿಗೆ ಶ್ರೀಮಂತ, ಆರೋಗ್ಯ ವಿಚಾರಿಸಲು ಬಂದ.

"ಹೊಟ್ಟಿ ಹೆಂಗದರಿ ಸರ್?"

"ಹೊಟ್ಟಿ ಮಾತು ಬಿಡೋ ಮಾರಾಯಾ, ವೋಲ್ಟೇಜ್ ಬೀಳಾಕತ್ತದ!"

ಶ್ರೀಮಂತ ಕೂಡಲೇ ಹೋಗಿ ಕರೆಂಟು ಎಳೆಯುತ್ತಿದ್ದ ಗಿರಣಿ ನಿಲ್ಲಿಸಿದ. ಡಬ್ಬಿ ಹಿಡಿದು ಪಾಳಿ ನಿಂತಿದ್ದವರೂ ಗೊಣಗದೆ ಇಷ್ಟು ಹೇಳಿ ಮನೆಗೆ ಹೋದರು: "ನಾಳಿ ಬೀಸಿದ್ರಾತು. ನಿಮ್ಮ ಕೆಲಸ ಆಗ್ಲಿ." ಸಾಯಿಕುಮಾರನ ಕಣ್ಣು ತುಂಬಿ ಬಂತು. ಇಂಥ ಜನ ತನಗೆ ಸಿಕ್ಕಿದ್ದು ಪುಣ್ಯವೆಂದುಕೊಂಡ.

ಸಂಜೆ ಬಸ್ಸಿನಿಂದ ಇಳಿದ ಪರೀಕ್ಷಕ ರೇವಣಸಿದ್ದ ಸರ್ ಮುಖ ಗಂಟು ಹಾಕಿಕೊಂಡಿದ್ದರು. "ಲಾಡ್ಜ್ ಯಾಕ್ರಿ, ನಮ್ಮ ಮನಿ ಇಲ್ಲೇನು?" ಎಂದು ಭೀಮವ್ವ ಕರೆದೊಯ್ದಳು. ಅವರು ಅರ್ಧ ರೊಟ್ಟಿ ತಿಂದು, ಅವಳ ಒತ್ತಾಯಕ್ಕೆ ಒಂದು ತಂಬಿಗೆ ಮಜ್ಜಿಗೆ ಕುಡಿದು ಮಲಗಿದರು. ಬೆಳಿಗ್ಗೆ ನೋಡಿದರೆ ಮುಖ ಅರಳಿತ್ತು.

"ನಿಮ್ಮೂರ ನೀರು ಅಮೃತ ಅದ ನೋಡ್ರಿ!"

ಲ್ಯಾಬಿನಲ್ಲಿ ಬಿಲ್ಲೆಯ ಮೇಲೆ ಶಾಯಿ ಬಿತ್ತು. ಹನಿ ಅಲುಗದೆ ನಿಂತಿತು. ಒರೆಸಿದರೆ ಬಿಲ್ಲೆ ಬೆಳ್ಳಗೆ ಹೊಳೆಯಿತು.

"ಶಹಬ್ಬಾಸ್! ಏನ್ ಬೆರಸೀರಿ?" ಸಾಯಿಕುಮಾರ ಔಷಧದ ಕತೆ ಹೇಳಿದ. ರೇವಣಸಿದ್ದ ಸರ್ ತಲೆಯಾಡಿಸಿದರು. "ಹಂಗಾದ್ರ ಉಳಿದ ಔಷಧ ತೋರಿಸ್ರಿ. ಅದನ್ನ ತಪಾಸ್ ಮಾಡಲಾರದ ನಾ ಸಹಿ ಹಾಕಂಗಿಲ್ಲ."

ಅದಕ್ಕೇನಂತೆ! ಇಬ್ಬರೂ ಮನೆಗೆ ಬಂದರು. ಬಾಟ್ಲಿ ತೊಳೆದು ಬೋರಲು ಹಾಕಿತ್ತು.

"ಯವ್ವಾ! ಇದರಾಗಿಂದು ಎಲ್ಲದ?"

"ನಿನಗ ಹರಳೆಣ್ಣಿನೇ ಸಾಕಾತು. ಸರ್ ಮಾರಿ ನೋಡೇ ಹೊಟ್ಟಿ ಕಟ್ಟೇದಂತ ನನಗ ಗೊತ್ತಾತು. ರಾತ್ರಿ ಮಜ್ಜಿಗ್ಯಾಗ ಪೂರಾ ಸುರದು ಕೊಟ್ಟೆ."

ರೇವಣಸಿದ್ದ ಸರ್ ಭೀಮವ್ವನತ್ತ ತಿರುಗಿದರು. ಎರಡೂ ಕೈ ಜೋಡಿಸಿದರು. "ಹತ್ತು ವರ್ಷದಾಗ ಇಂಥಾ ಮುಂಜಾನಿ ಕಂಡಿದ್ದಿಲ್ಲ ತಾಯಿ. ನಿಮ್ಮ ಉಪಕಾರ ಸಾಯೂತನಾ ಮರಿಯಂಗಿಲ್ಲ."

ಅವರು ಪೆನ್ನು ತೆಗೆದಾಗ ಸಾಯಿಕುಮಾರನ ಜೀವ ಹಗುರಾಯಿತು. ಅವರು ಬರೆದರು: "ಫಲಿತಾಂಶ ಅತ್ಯುತ್ತಮ. ಬೆರೆಸಿದ ವಸ್ತು ತಪಾಸಣೆಗೆ ಲಭ್ಯವಿಲ್ಲ. ಮುಂದಿನ ವರ್ಷ ಮತ್ತೊಮ್ಮೆ ಮಾಡಿ ತೋರಿಸತಕ್ಕದ್ದು."

"ಸರ್, ಅದು ನಿಮ್ಮ ಹೊಟ್ಟ್ಯಾಗೇ ಅದಲ್ರೀ!"

"ಈಗ ಅಲ್ಲೂ ಇಲ್ಲಪಾ," ಎಂದರು ರೇವಣಸಿದ್ದ ಸರ್, ಭಾರೀ ಸಮಾಧಾನದಿಂದ.