ಜಪಸರದ ಉಳಿದರ್ಧ

ಸಂಸಾರವೇ ಸಂತರಾಗುವ ದಾರಿ ಎಂದು ನಮ್ಮ ಚರ್ಚಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ಫಾದರ್. ಅವರಿಗೆ ಸಂಸಾರವಿಲ್ಲ. "ಪ್ರತಿಯೊಂದು ಮನೆಯೂ ಒಂದು ಪುಟ್ಟ ಧರ್ಮಸಭೆ" ಎಂದು ಅವರು ಒಂದು ಭಾನುವಾರ ಕೈಯೆತ್ತಿ ಹೇಳಿದಾಗ, ನನ್ನ ಹೆಂಡತಿ ರೋಸಮ್ಮ ಹೆಂಗಸರ ಸಾಲಿನಿಂದ ಹೊರಳಿ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಧರ್ಮವೂ ಇರಲಿಲ್ಲ, ಸಭೆಯೂ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಸಿಗಲಿಲ್ಲವೆಂದು ಬೆಳಿಗ್ಗೆಯಷ್ಟೇ ನಾನು ಮನೆಯನ್ನು ತಲೆಕೆಳಗು ಮಾಡಿ ಬಂದಿದ್ದೆ.

ಆದರೂ ಫಾದರ್ ಮಾತು ನನಗೆ ನಾಟಿತು. ಮಾನ್ವಿಯ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನು ನಾನು. ಏನಾದರೂ ಶುರುಮಾಡಿದರೆ ಸಾಲು ಸೆಟೆದು ನಿಲ್ಲಬೇಕು. ಅಂದಿನಿಂದ ದಿನಾ ಸಂಜೆ ಮನೆಯಲ್ಲಿ ಜಪಸರ ಶುರುವಾಯಿತು. ಜಪಸರದ ಒಂದೊಂದು ಮಣಿಗೂ ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳಬೇಕು, ಮಿಕ್ಕವರು ಉಳಿದರ್ಧ ಹೇಳಿ ಮುಗಿಸಬೇಕು. ನಮ್ಮಲ್ಲಿ ಮಿಕ್ಕವರೆಂದರೆ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಉತ್ತರ ಕೊಡುವ ರೋಸಮ್ಮ ಮತ್ತು ಅರ್ಧ ಪ್ರಾರ್ಥನೆಯನ್ನು ಗೊರಕೆಯಲ್ಲಿ ಮುಗಿಸುವ ನನ್ನ ಅವ್ವ. "ಪಾಪಿಗಳಾದ ನಮಗಾಗಿ... ರೀ, ಬೆಕ್ಕು ಹಾಲಿಗೆ ಬಂತು ನೋಡ್ರಿ... ಪ್ರಾರ್ಥಿಸಿರಿ" ಎಂದು ಒಂದೇ ಉಸಿರಿಗೆ ಬರುತ್ತಿತ್ತು. ಇವರನ್ನು ನಂಬಿದರೆ ಸ್ವರ್ಗ ಸಿಕ್ಕಹಾಗೆಯೇ ಎಂದುಕೊಂಡು, ಉಳಿದರ್ಧವನ್ನೂ ನಾನೇ ಗಟ್ಟಿಯಾಗಿ ಹೇಳಿ, ಕವಾಯತಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಎಳೆದಂತೆ ಎಲ್ಲರನ್ನೂ ಎಳೆದುಕೊಂಡು ಹೋಗುತ್ತಿದ್ದೆ.

ಪಕ್ಕದ ಮನೆ ನನ್ನ ಅಣ್ಣನದು. ಅಪ್ಪನ ಮನೆಯನ್ನು ಎರಡು ಮಾಡಿಕೊಂಡಿದ್ದೇವೆ. ಮೇಲಿನ ತಗಡು ಇಬ್ಬರಿಗೂ ಒಂದೇ, ನಡುವಿನ ಗೋಡೆ ತಗಡಿಗೆ ಮುಟ್ಟಿಲ್ಲ. ಎರಡು ಬೇಸಿಗೆಯ ಹಿಂದೆ ಅಣ್ಣ ನಲ್ಲಿಗೆ ಮೋಟಾರು ಹಚ್ಚಿ ನೀರು ಎಳೆದ. ನಮ್ಮ ನಲ್ಲಿ ಬರೀ ಗಾಳಿ ಬಿಟ್ಟಿತು. ಮಾತು ನಿಂತಿತು. ಚರ್ಚಿನಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರುವ ಹೊತ್ತಿಗೆ ಅವನು ಎಡಕ್ಕೂ ನಾನು ಬಲಕ್ಕೂ ತಿರುಗಿ, ಗುರುತಿಲ್ಲದವರಿಗೆಲ್ಲ ಕೈಮುಗಿಯುತ್ತಿದ್ದೆವು.

ಹೋದ ತಿಂಗಳು ಮಗಳ ಹೆರಿಗೆಗೆಂದು ರೋಸಮ್ಮ ಅವಳನ್ನು ಕರೆದುಕೊಂಡು ರಾಯಚೂರಿಗೆ ಹೋದಳು. ಎದ್ದು ನಡೆಯಲಾರದ ಅವ್ವನ ಜೊತೆ ನಾನು ಉಳಿದೆ. ಒಂದು ಸಂಜೆ ಫೋನು ಬಂತು. ರೋಸಮ್ಮನ ದನಿ ರೋಸಮ್ಮನದಾಗಿರಲಿಲ್ಲ.

"ಕೂಸು ಅಡ್ಡ ಅದ ಅಂತ್ರಿ. ರಕ್ತ ಭಾಳ ಹೋಗ್ಯದ. ಆಪರೇಷನ್‌ಗೆ ಒಳಗ ಒಯ್ದಾರ. ನೀವು ಜಪಕ್ಕ ಕುಂದರ್ರಿ."

ಅವ್ವ ಆಗಲೇ ನಿದ್ದೆ ಹೋಗಿದ್ದಳು. ಜಪಸರ ಹಿಡಿದು ಕೂತು, ಹೇಗೋ ಮೊದಲರ್ಧ ಹೇಳಿದೆ. ಅಲ್ಲಿಗೇ ನಿಲ್ಲಿಸಿದೆ. ಅಡುಗೆಮನೆ ಕತ್ತಲಾಗಿತ್ತು, ರೊಟ್ಟಿ ಬಡಿಯುವ ಸಪ್ಪಳವಿಲ್ಲ. ಉಳಿದರ್ಧ ನನಗೆ ಬಾಯಿಪಾಠವೇ, ಆದರೆ ತುಟಿ ಎರಡಾಗಲಿಲ್ಲ.

ಆಗ ಗೋಡೆಯಾಚೆಯಿಂದ ಒಂದು ಒರಟು ದನಿ ಕೇಳಿತು: "ಸಂತ ಮರಿಯಾ, ದೇವಮಾತೆಯೇ..."

ಅಣ್ಣನ ದನಿ. ಹಿಂದೆಯೇ ಅತ್ತಿಗೆಯ ದನಿ. ಇಬ್ಬರೂ ಸೇರಿ ಪ್ರಾರ್ಥನೆಯ ಉಳಿದರ್ಧ ಮುಗಿಸಿ, ನನಗಾಗಿ ಕಾಯ್ದರು. ಪಿಸುಮಾತಿನಲ್ಲಿ ಮತ್ತೆ ಮೊದಲರ್ಧ ಹೇಳಿದೆ. ಮತ್ತೆ ಉತ್ತರ ಬಂತು. ಗೋಡೆಯ ಕಡೆ ನೋಡಿದರೆ ಎಲ್ಲಿ ನಿಂತುಹೋದೀತೋ ಎಂದು ಕಣ್ಣು ಮುಚ್ಚಿಯೇ ಹೇಳುತ್ತಾ ಹೋದೆ. ದೊಡ್ಡ ಚರ್ಚುಗಳಲ್ಲಿ ನೂರಾರು ಜನರ ನಡುವೆ ನಿಂತಿದ್ದೇನೆ. ದೇವರು ಇಷ್ಟು ಹತ್ತಿರ, ಒಂದು ಇಟ್ಟಿಗೆಯಷ್ಟು ದೂರದಲ್ಲಿ ಕೂತಿದ್ದಾನೆಂದು ಎಂದೂ ಅನಿಸಿರಲಿಲ್ಲ.

ಸರ ಇನ್ನೂ ಮುಗಿದಿರಲಿಲ್ಲ, ಫೋನು ಹೊಡೆದುಕೊಂಡಿತು. ಕೇಳಿಸಿಕೊಂಡೆ. ಫೋನು ಕೆಳಗಿಟ್ಟು ಶಿಲುಬೆಯ ಗುರುತು ಹಾಕಿಕೊಂಡೆ.

"ಏನಾತಲೇ? ಬಾಯಿ ಬಿಡು!" ಗೋಡೆಯಾಚೆಯಿಂದ ಅಣ್ಣ ಗದರಿದ.

"ಹೆಣ್ಣು ಕೂಸಣ್ಣಾ. ಇಬ್ರೂ ಚೊಲೋ ಇದ್ದಾರ."

ಆಚೆ ಯಾರೋ ಜೋರಾಗಿ ಮೂಗು ಸೀಟಿದ ಸಪ್ಪಳವಾಯಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ಬೀದಿ ಸುತ್ತಿ ನಮ್ಮ ಬಾಗಿಲಿಗೆ ಬಂದರು. ಅತ್ತಿಗೆಯ ಕೈಯಲ್ಲಿ ರೊಟ್ಟಿ, ಪುಂಡಿಪಲ್ಯ. ಅಣ್ಣ ಸೀದಾ ಹೋಗಿ ಅವ್ವನ ಕಾಲ ಹತ್ತಿರ ಕೂತು, "ಯವ್ವಾ, ಮರಿಮಗಳು ಬಂದಾಳ, ಏಳು" ಎಂದು ಅವಳ ಪಾದ ಒತ್ತತೊಡಗಿದ. ಅವ್ವ ಕಣ್ಣು ಬಿಟ್ಟು ಇಬ್ಬರು ಮಕ್ಕಳನ್ನೂ ಒಟ್ಟಿಗೆ ನೋಡಿ, ಕನಸೆಂದುಕೊಂಡು ಮತ್ತೆ ಮುಚ್ಚಿದಳು.

"ಅತ್ತಿಗೀ, ಇವತ್ತ ನೀವು ಉತ್ತರ ಕೊಟ್ಟದ್ದಕ್ಕ ನನ್ನ ಜೀವ ಉಳೀತು" ಎಂದೆ.

"ಇವತ್ತೇನ್ ಬಂತ್ರೀ ಮಾಸ್ತರ?" ಅತ್ತಿಗೆ ತಾಟಿಗೆ ಪಲ್ಯ ಹಾಕುತ್ತ ಅಂದಳು. "ನೀವು ಶುರು ಮಾಡಿದ ದಿನದಿಂದ ನಾವೂ ಕುಂದರ್ತೀವಿ. ದಿನಾ ಉತ್ತರ ಕೊಡ್ತೀವಿ."

ನಾನು ಮೇಲೆ ನೋಡಿದೆ. ಗೋಡೆಯ ಮೇಲಿನಿಂದ ತಗಡು ತನ್ನ ಪಾಡಿಗೆ ತಾನು ಆ ಮನೆಗೆ ಹೋಗಿತ್ತು.

"ಮತ್ತ ನನಗ ಒಂದಿನಾನೂ ಕೇಳಿಸಿಲ್ಲಲ್ಲ?"

ಅಣ್ಣ ಅವ್ವನ ಪಾದದಿಂದ ಕೈ ತೆಗೆಯದೆ, ನನ್ನ ಕಡೆ ತಿರುಗದೆ ಹೇಳಿದ: "ನೀ ಬಾಯಿ ಮುಚ್ಚಿದ್ರಲ್ಲೇನಲೇ ಕೇಳ್ಸೋದು?"