ಅತ್ತೆಯ ಮಡಚು ಕುರ್ಚಿ

ಹಂಗಳ ಊರಿನ ನಮ್ಮ ಸೋದರತ್ತೆಗೆ ತಲೆ ಸರಿಯಿಲ್ಲ ಎನ್ನುವವರಿದ್ದಾರೆ. ನಾನು ಹಾಗೆನ್ನುವುದಿಲ್ಲ. ಆದರೆ ಎಲ್ಲಿಗೆ ಹೊರಟರೂ ಕಂಕುಳಲ್ಲೊಂದು ಮಡಚುವ ಕುರ್ಚಿ ಇಟ್ಟುಕೊಂಡೇ ಹೋಗುವವರನ್ನು ಏನೆನ್ನಬೇಕು, ನೀವೇ ಹೇಳಿ!

ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್, "ಅಜ್ಜಿ, ಕುರ್ಚಿಗೆ ಲಗೇಜ್ ಟಿಕೆಟ್ ತಗೋಬೇಕು" ಎಂದ.

"ಹೆಂಗಸ್ರಿಗೆ ಫ್ರೀ ಅಲ್ವೇನ್ಲಾ? ಇದೂ ಹೆಂಗ್ಸಿನ ಕುರ್ಚಿನೇ ಕಣ್ಲಾ!"

ಬಸ್ಸಿಗೆ ಬಸ್ಸೇ ನಕ್ಕಿತು. ಟಿಕೆಟ್ ಮಾತ್ರ ಹರಿಯಲಿಲ್ಲ.

ಈ ಹುಚ್ಚು ಹಿಡಿದದ್ದು ಅವರು ಪಂಚಾಯ್ತಿ ಅಧ್ಯಕ್ಷೆಯಾದಾಗ. ಮೊದಲ ಸಭೆಗೆ ಹೋದರೆ ಅಧ್ಯಕ್ಷರ ಕುರ್ಚಿಯಲ್ಲಿ ಮಾವ ಕುಳಿತಿದ್ದರಂತೆ! ಹೆಂಡತಿ ಗೆದ್ದರೆ ಗಂಡ ಕೂರುವುದು ರೂಢಿ ತಾನೆ? ಅತ್ತೆ ಜಗಳವಾಡಲಿಲ್ಲ. ಮನೆಯಿಂದ ಈ ಕುರ್ಚಿ ತಂದು, ಮಾವನ ಮುಂದೆಯೇ ಬಿಡಿಸಿ, ಅವರಿಗೆ ಬೆನ್ನು ಹಾಕಿ ಕೂತು ಸಭೆ ನಡೆಸಿದರು. "ಹಿಂದ್ಗಡೆ ಕೂತವ್ರು ಎಲ್ರಿಗೂ ಟೀ ಹೇಳಿ" ಎಂದರಂತೆ. ಪಾಪ, ಮಾವ ಹೇಳಿಯೂ ಬಂದರು!

ನಾನು ಚಾಮರಾಜನಗರದ ಬ್ಯಾಂಕೊಂದರಲ್ಲಿ ಸಹಾಯಕ ಮ್ಯಾನೇಜರ್. ಮ್ಯಾನೇಜರ್ ಹುದ್ದೆ ಎರಡು ಸಲ ಕೈತಪ್ಪಿತ್ತು. ಮೂರನೆಯ ಸಂದರ್ಶನಕ್ಕೆ ಮುಂಚೆ ಮೇಲಿನವರು ಲ್ಯಾಪ್‌ಟಾಪಿನಲ್ಲಿ ಲೀಡರ್‌ಶಿಪ್ ಕೋಚಿಂಗ್ ಕೊಡಿಸಿದರು. ಮಹಿಳೆಯರು ಮುಗುಳ್ನಗುತ್ತಾ ಮಾತಾಡಿದರೆ ಒಳ್ಳೆಯದು ಎಂದರು ಕೋಚ್ ಮಹಾಶಯರು. ಮನೆಗೆ ಬಂದಿದ್ದ ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು.

"ಅದ್ನ ಆರಿಸ್ಬುಡು ಕಣಮ್ಮಿ. ನಾನ್ ಹೇಳ್ಕೊಡ್ತೀನಿ."

ಅತ್ತೆಯ ಕೋಚಿಂಗ್ ಎಂದರೆ, ನಾನು ತಪ್ಪಿಲ್ಲದೆ 'ಸಾರಿ' ಎಂದಾಗಲೆಲ್ಲ ಒಂದು ಹುರುಳಿಕಾಳು ಪಾತ್ರೆಗೆ! ಭಾನುವಾರದ ಹೊತ್ತಿಗೆ ಮನೆಮಂದಿಗೆಲ್ಲ ಹುರುಳಿ ಬಸ್ಸಾರಿಗಾಗುವಷ್ಟು ಕಾಳು ಕೂಡಿತ್ತು. ನನಗೇ ನಾಚಿಕೆಯಾಯಿತು.

ಸಂದರ್ಶನದಲ್ಲಿ ಹಿರಿಯ ಅಧಿಕಾರಿಯೊಬ್ಬರು, "ಗುಂಡ್ಲುಪೇಟೆಗೆ ಹಾಕಿದ್ರೆ ಮನೆ ಯಾರಮ್ಮ ನೋಡ್ಕೋತಾರೆ?" ಎಂದರು. 'ಸಾರಿ ಸರ್' ನಾಲಿಗೆ ತುದಿಗೆ ಬಂದಿತ್ತು. ಹುರುಳಿ ಪಾತ್ರೆ ನೆನಪಾಯಿತು.

"ಹೊರಗೆ ಕೂತಿರೋ ಗಂಡಸರನ್ನೂ ಇದನ್ನೇ ಕೇಳ್ತೀರಾ ಸರ್? ಮನೇಲಿ ನಮ್ಮೆಜಮಾನರಿದ್ದಾರೆ. ಬ್ಯಾಂಕಿಂದು ಕೇಳಿ, ಹೇಳ್ತೀನಿ."

ಮುಗುಳ್ನಗಲೂ ಇಲ್ಲ. ಹುದ್ದೆ ಸಿಕ್ಕಿತು!

ಗುಂಡ್ಲುಪೇಟೆಯಲ್ಲಿ ಮೊದಲ ದಿನವೇ ಅತ್ತೆ ನನ್ನ ಕ್ಯಾಬಿನ್ನಿಗೆ ಬಂದರು, ಬರಿಗೈಯಲ್ಲಿ! ಹಿರಿಯರು ಬಂದರೆ ಏಳುವುದು ನಮ್ಮ ಮನೆ ಪದ್ಧತಿ. ಎದ್ದೆ.

"ಏಳ್ಬ್ಯಾಡ! ಯಾರ್ ಬಂದ್ರೂ ಏಳ್ಬ್ಯಾಡ."

ಮತ್ತೆ ಕೂತೆ. "ನಿಮ್ಮ ಕುರ್ಚಿ ಎಲ್ಲತ್ತೆ?"

"ನಿಂಗ್ ಸಿಕ್ತಲ್ಲ, ಇನ್ಯಾಕದು? ವಸಿ ನಿಂತ್ಕಂಡ್ ನೋಡ್ತೀನಿ ಕಣಮ್ಮಿ."

ಎದುರಿಗಿದ್ದ ಕುರ್ಚಿ ತೋರಿಸಿದರೂ ಕೂರಲಿಲ್ಲ. ಮಂಡಿನೋವಿನ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತೇ ಇದ್ದರು. ನನಗೂ ಅಳು ಬಂತು. ಎದ್ದು ತಬ್ಬಿಕೊಳ್ಳಬೇಕೆನಿಸಿತು. ಆದರೆ ಏಳಲಿಲ್ಲ.